ತಾತನ ಕಂಪನಿ ಹುಡುಕಿದ್ದು ಹೀಗೆ

ನಮ್ಮ ತಾತ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು. ಊರಲ್ಲಿ ಅದನ್ನು ಈಗಲೂ ಜರ್ಮನಿ ಯುದ್ಧ ಅಂತಾರೆ. ಮನೆಯಲ್ಲಿ ಉಳಿದಿದ್ದ ವಿಷಯ ಬಹಳ ಕಮ್ಮಿ: ಬೆಂಗಳೂರಿನ ಹಲಸೂರಲ್ಲಿ ಸೇರಿದರು, ಹಡಗಲ್ಲಿ ಹೋದರು, ಅಲ್ಲೂ ಮರಗೆಲಸವನ್ನೇ ಮಾಡಿದರು, ಬೆಟ್ಟದ ಮೇಲಿನ ಒಂದು ದೊಡ್ಡ ಮಠಕ್ಕೆ ವಿಮಾನಗಳು ಬಾಂಬು ಹಾಕಿದ್ದನ್ನು ಕಣ್ಣಾರೆ ಕಂಡರು. ಈ ಮಠದ ಕಥೆಯನ್ನು ನಮ್ಮಪ್ಪನೂ ನಂಬಿರಲಿಲ್ಲ. ಜರ್ಮನಿ ಯುದ್ಧದಲ್ಲಿ ಮಠ ಎಲ್ಲಿಂದ ಬಂತು ಅಂತ ನಗುತ್ತಿದ್ದರು.

ಈಗ ತಾತ ಯಾವ ವರ್ಷ ಯಾವ ದೇಶದಲ್ಲಿದ್ದರು, ಅವರ ಕಂಪನಿ, ಅಂದರೆ ಸೇನೆಯಲ್ಲಿ ಅವರಿದ್ದ ತುಕಡಿ, ಏನು ಕೆಲಸ ಮಾಡುತ್ತಿತ್ತು ಅನ್ನೋದು ಹೆಚ್ಚುಕಡಿಮೆ ಗೊತ್ತಾಗಿದೆ. ಮಠದ ಹೆಸರೂ ಗೊತ್ತಾಗಿದೆ. ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ಇಂಥ ಒಬ್ಬ ತಾತನ ಫೋಟೊ ಇರುತ್ತೆ, ಆ ಮನೆಯವರು ಆಗಾಗ ಕೇಳುತ್ತಿರುತ್ತಾರೆ, ಅದಕ್ಕೇ ನಾನು ಮಾಡಿದ್ದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡ್ತೀನಿ. ಸಿಪಾಯಿಯ ಹೆಸರು ಹಿಡಿದು ಹುಡುಕಬೇಡಿ, ಅವರ ಕಂಪನಿ ಯಾವುದು ಅಂತ ಹುಡುಕಿ. ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿ 25 ಲಕ್ಷ ಜನ ಇದ್ದರು. ಅದರಲ್ಲಿ ಮುನಿಸ್ವಾಮಿಗಳು ಎಷ್ಟಿರಬೇಕು, ರಾಮಯ್ಯಗಳು ಎಷ್ಟಿರಬೇಕು, ಯೋಚನೆ ಮಾಡಿ. ಅದೂ ಅಲ್ಲದೆ ಸೇನೆಯ ಕಾಗದಗಳಲ್ಲಿ ಹೆಸರು ಹಾಕಿಸಿಕೊಳ್ಳುತ್ತಿದ್ದವರು ಅಧಿಕಾರಿಗಳು. ಸಿಪಾಯಿಗಳ ಲೆಕ್ಕ ಮಾತ್ರ ಇರುತ್ತೆ. ಕಂಪನಿಗೆ ಹಾಗಲ್ಲ. ಕಂಪನಿಗೆ ದಿನಚರಿ ಇದೆ, ನಕ್ಷೆ ಇದೆ, ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನೋದು ತಾರೀಖಿನ ಸಮೇತ ಇದೆ. ಅದು ಸಿಕ್ಕರೆ ನಿಮ್ಮ ತಾತ ಅದರೊಳಗೇ ಇರುತ್ತಾರೆ.

ಬಹಳ ಜನ ಮಾಡುವ ಮೊದಲ ಕೆಲಸ ಲಂಡನ್ನಿಗೆ ಬರೆಯೋದು. ಬ್ರಿಟಿಷರ ಸೇನೆ ಅಲ್ವಾ, ಎಲ್ಲ ಕಾಗದ ಅವರೇ ತೆಗೆದುಕೊಂಡು ಹೋಗಿರುತ್ತಾರೆ ಅನ್ನೋ ಲೆಕ್ಕಾಚಾರ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ವಿಭಾಗದಲ್ಲಿ ಸಿಗುವ ಸೇವಾ ದಾಖಲೆ ಮುಖ್ಯವಾಗಿ ಬ್ರಿಟಿಷ್ ಅಧಿಕಾರಿಗಳದ್ದು. ನಮ್ಮ ಸಿಪಾಯಿಗಳ ದಾಖಲೆ ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿನಲ್ಲೇ ಉಳಿಯಿತು, ಅಂದರೆ ಇಲ್ಲೇ. 1947ರಲ್ಲಿ ಪಾಕಿಸ್ತಾನಕ್ಕೆ ಹೋದ ರೆಜಿಮೆಂಟುಗಳ ವಿಷಯ ಬೇರೆ, ಬಲೂಚ್ ರೆಜಿಮೆಂಟಿನಂಥವು. ನಮ್ಮ ತಾತ ಇದ್ದದ್ದು ಮದ್ರಾಸ್ ಸ್ಯಾಪರ್ಸ್. 1780ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಪಡೆ ಅದು, ಈಗಿನ ಹೆಸರು ಮದ್ರಾಸ್ ಎಂಜಿನಿಯರ್ ಗ್ರೂಪ್, ಬೆಂಗಳೂರಿನವರ ಬಾಯಲ್ಲಿ ಎಂ.ಇ.ಜಿ. ಇವತ್ತಿಗೂ ಹಲಸೂರು ಕೆರೆ ಪಕ್ಕದಲ್ಲೇ ಇದೆ. ಸೇತುವೆ ಕಟ್ಟೋದು, ರಸ್ತೆ ಮಾಡೋದು, ನೆಲಬಾಂಬು ತೆಗೆಯೋದು ಅವರ ಕೆಲಸ. ಅದಕ್ಕೇ ಬಡಗಿ, ಕಮ್ಮಾರ, ಗಾರೆ ಕೆಲಸದವರು ಅವರಿಗೆ ಬೇಕಾಗುತ್ತಿತ್ತು.

ಮನೆಯ ಟ್ರಂಕಿನಿಂದ ಶುರು ಮಾಡಿದೆ. ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಸರ್ಟಿಫಿಕೇಟ್ ಇರಲಿಲ್ಲ. ಯಾರೋ ಯಾವುದೋ ಅರ್ಜಿಗೆ ಲಗತ್ತಿಸಿ ಕೊಟ್ಟಿದ್ದರಂತೆ, ವಾಪಸ್ ಬರಲಿಲ್ಲ. ಅದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಉಪಯೋಗಕ್ಕೆ ಬರುತ್ತೆ. ಸಿಕ್ಕಿದ್ದು ಪದಕಗಳು, ಒಂದು ಹರಿದ ಗುಂಪು ಫೋಟೊ, ಅಷ್ಟೇ.

ಪದಕಗಳನ್ನು ಜನ ಕಣ್ಣಿಗೆ ಒತ್ತಿಕೊಂಡು ವಾಪಸ್ ಇಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಅವು ಕಾಗದದಷ್ಟೇ ಮಾತಾಡುತ್ತವೆ. ತಾತನ ಹತ್ತಿರ ಮೂರು ನಕ್ಷತ್ರ, ಎರಡು ದುಂಡು ಪದಕ ಇದ್ದವು. ನಕ್ಷತ್ರಗಳು ಆರು ಮೂಲೆಯವು, ಹಿತ್ತಾಳೆ ಬಣ್ಣ, ನೋಡೋಕೆ ಮೂರೂ ಒಂದೇ ಥರ. ನಡುವಿನ ಉಂಗುರದಲ್ಲಿ ಬರೆದಿರೋದನ್ನು ಓದಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತೆ. ಒಂದು 1939-45 ಸ್ಟಾರ್, ಒಂದು ಆಫ್ರಿಕಾ ಸ್ಟಾರ್, ಒಂದು ಇಟಲಿ ಸ್ಟಾರ್. ಅಕ್ಷರ ಸವೆದಿದ್ದರೆ ಪದಕ ತೂಗುವ ಬಟ್ಟೆ ಪಟ್ಟಿಯ ಬಣ್ಣ ನೋಡಿ. ಆಫ್ರಿಕಾ ಸ್ಟಾರಿನದು ಮರಳಿನ ಬಣ್ಣ, ಮಧ್ಯೆ ಕೆಂಪು ಪಟ್ಟೆ, ಅಕ್ಕಪಕ್ಕ ತೆಳ್ಳಗೆ ಕಡುನೀಲಿ ಮತ್ತು ತಿಳಿನೀಲಿ. ಇಟಲಿಯದು ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು. ಬರ್ಮಾ ಸ್ಟಾರ್ ಇದ್ದವರಿಗೆ ಕಡುನೀಲಿ ಮಧ್ಯೆ ಅಗಲವಾದ ಕೆಂಪು, ಎರಡೂ ಕಡೆ ಕಿತ್ತಳೆ ಗೆರೆ. ದುಂಡು ಪದಕಗಳು ಡಿಫೆನ್ಸ್ ಮೆಡಲ್ ಮತ್ತು ವಾರ್ ಮೆಡಲ್. ವಾರ್ ಮೆಡಲಿನ ಹಿಂದೆ ಎರಡು ತಲೆಯ ಡ್ರ್ಯಾಗನ್ ಮೇಲೆ ಸಿಂಹ ನಿಂತಿರುತ್ತೆ. ಅದು 28 ದಿನ ಸೇವೆ ಮಾಡಿದವರಿಗೆಲ್ಲ ಸಿಕ್ಕಿದ್ದು, ಅದರಿಂದ ಹೆಚ್ಚೇನೂ ತಿಳಿಯಲ್ಲ.

ಬ್ರಿಟಿಷ್ ಸೈನಿಕರಿಗೆ ಕೊಟ್ಟ ಈ ಪದಕಗಳಲ್ಲಿ ಹೆಸರು ಇರಲ್ಲ. ಭಾರತೀಯರಿಗೆ ಕೊಟ್ಟವುಗಳಲ್ಲಿ ಸಾಮಾನ್ಯವಾಗಿ ಇರುತ್ತೆ. ನಕ್ಷತ್ರ ಆದರೆ ಬೆನ್ನಲ್ಲಿ, ದುಂಡು ಪದಕ ಆದರೆ ಅಂಚಿನಲ್ಲಿ: ಸೇವಾ ಸಂಖ್ಯೆ, ದರ್ಜೆ, ಹೆಸರು, ದಳದ ಮೊದಲಕ್ಷರಗಳು. ನಮ್ಮ ಮನೆಯ ಎರಡು ನಕ್ಷತ್ರಗಳನ್ನು ಅತ್ತೆ ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟಿದ್ದರು, ಅಕ್ಷರ ಪೂರಾ ಹೋಗಿತ್ತು. ವಾರ್ ಮೆಡಲ್ ಬೆಳ್ಳಗಿನ ಲೋಹ, ಹುಣಸೆಹಣ್ಣು ಬೇಕಾಗಿರಲಿಲ್ಲ, ಬಚಾವಾಯಿತು. ಅದರ ಅಂಚನ್ನು ಮೊಬೈಲಿನ ಟಾರ್ಚ್ ಓರೆಯಾಗಿ ಹಿಡಿದು, ತಿರುಗಿಸುತ್ತಾ ಫೋಟೊ ತೆಗೆದೆ. ನೇರ ಬೆಳಕಲ್ಲಿ ಕಾಣದ ಅಂಕಿಗಳು ಓರೆ ಬೆಳಕಲ್ಲಿ ಎದ್ದು ಕಂಡವು. ಸೇವಾ ಸಂಖ್ಯೆ ಸಿಕ್ಕಿತು. ಹೆಸರಿನ ಇಂಗ್ಲಿಷ್ ಕಾಗುಣಿತ ಮಾತ್ರ ನಾವು ಇವತ್ತು ಬರೆಯೋ ಥರ ಇರಲೇ ಇಲ್ಲ. ಬರೆದುಕೊಂಡ ಗುಮಾಸ್ತನ ಕಿವಿಗೆ ಹೇಗೆ ಕೇಳಿಸಿತೋ ಹಾಗೆ. ಮುಂದೆ ಎಲ್ಲ ಕಡೆ ಆ ಕಾಗುಣಿತವನ್ನೇ ಕೊಡಬೇಕು.

ಇನ್ನೊಂದು ಸಣ್ಣ ವಸ್ತು ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು. ಆಫ್ರಿಕಾ ಸ್ಟಾರಿನ ಪಟ್ಟಿಯ ಮೇಲೆ ಒಂದು ಚಿಕ್ಕ ಲೋಹದ ಅಡ್ಡಪಟ್ಟಿ ಹೊಲಿದಿತ್ತು, ಅದರಲ್ಲಿ ಎಂಟನೇ ಸೈನ್ಯ ಅಂತ ಇಂಗ್ಲಿಷಿನಲ್ಲಿ ಇತ್ತು, ಆಫ್ರಿಕಾದಲ್ಲಿ ಕಾದಾಡಿದ ಬ್ರಿಟಿಷರ ದೊಡ್ಡ ದಂಡು ಅದು. ಆ ಅಡ್ಡಪಟ್ಟಿ ಆಫ್ರಿಕಾದಲ್ಲಿ ಇದ್ದವರಿಗೆಲ್ಲ ಸಿಗುತ್ತಿರಲಿಲ್ಲ. 1942ರ ಅಕ್ಟೋಬರ್ 23ರಿಂದ, ಅಂದರೆ ಈಜಿಪ್ಟಿನ ಎಲ್ ಅಲಮೇನ್ ಕದನ ಶುರುವಾದ ದಿನದಿಂದ, 1943ರ ಮೇ 12ರವರೆಗೆ ಎಂಟನೇ ಸೈನ್ಯದಲ್ಲಿ ಇದ್ದವರಿಗೆ ಮಾತ್ರ. ಈಗ ಕೂತು ಲೆಕ್ಕ ಹಾಕಿದೆ. ಡಿವಿಷನ್ ಅಂದರೆ ಹಲವು ಕಂಪನಿಗಳು ಸೇರಿದ ದೊಡ್ಡ ಪಡೆ. ಆಫ್ರಿಕಾ ಮರುಭೂಮಿಯಲ್ಲಿ ಇದ್ದ ಭಾರತೀಯ ಡಿವಿಷನ್‌ಗಳು ಮುಖ್ಯವಾಗಿ 4, 5, 10. ಐದನೆಯದು ಆಮೇಲೆ ಬರ್ಮಾ ಕಡೆ ಹೋಯಿತು, ಅದರವರಿಗೆ ಇಟಲಿ ಸ್ಟಾರ್ ಬರಲ್ಲ. ಹತ್ತನೆಯದು ಇಟಲಿಗೆ ಹೋಯಿತು, ಆದರೆ ಅಲಮೇನ್ ಹೊತ್ತಿಗೆ ಅದು ಎಂಟನೇ ಸೈನ್ಯದಲ್ಲಿ ಇರಲಿಲ್ಲ. ಇಟಲಿಯಲ್ಲಿದ್ದ ಮತ್ತೊಂದು ಡಿವಿಷನ್ ಎಂಟನೆಯದು, ಅದು ಇರಾಕ್, ಸಿರಿಯಾ ಕಡೆಯಿಂದ ಬಂದದ್ದು. ಉಳಿದದ್ದು ನಾಲ್ಕನೇ ಭಾರತೀಯ ಡಿವಿಷನ್, ತೋಳಿನ ಮೇಲೆ ಕೆಂಪು ಹದ್ದಿನ ಗುರುತಿನವರು. ಡಿವಿಷನ್ನಿಗೆ ಸೇರದೆ ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಗಳೂ ಇದ್ದವು, ಹಾಗಾಗಿ ಇದು ಪೂರ್ತಿ ಗ್ಯಾರಂಟಿ ಅಲ್ಲ. ಆದರೆ ಎಲ್ಲಿ ಮೊದಲು ನೋಡಬೇಕು ಅನ್ನೋದು ಗೊತ್ತಾಯಿತು. ನಾಲ್ಕನೇ ಡಿವಿಷನ್ನಿನಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಎರಡು ಕಂಪನಿ ಇದ್ದವು: 12ನೇ ಫೀಲ್ಡ್ ಕಂಪನಿ, 11ನೇ ಫೀಲ್ಡ್ ಪಾರ್ಕ್ ಕಂಪನಿ. 25 ಲಕ್ಷದಿಂದ ಎರಡು ಕಂಪನಿಗೆ ಇಳಿದಿದ್ದೆ, ಅದೂ ಮನೆಯಿಂದ ಹೊರಗೆ ಕಾಲಿಡದೆ.

ಒಂದು ಎಚ್ಚರಿಕೆ. ಇಟಲಿ ಸ್ಟಾರ್ ಇದ್ದ ಮಾತ್ರಕ್ಕೆ ಇಟಲಿಯಲ್ಲೇ ಇದ್ದರು ಅಂತ ಹೇಳಿಬಿಡಬೇಡಿ. ಗ್ರೀಸ್, ಯುಗೊಸ್ಲಾವಿಯಾ, ಏಜಿಯನ್ ಸಮುದ್ರದ ಕಡೆ ಇದ್ದವರಿಗೂ ಅದೇ ಪದಕ. ಮಲಯಾದಲ್ಲಿ ಸೆರೆ ಸಿಕ್ಕವರಿಗೆ ಬರ್ಮಾ ಸ್ಟಾರ್ ಅಲ್ಲ, ಪೆಸಿಫಿಕ್ ಸ್ಟಾರ್.

ಆಮೇಲೆ ರೆಕಾರ್ಡ್ಸ್ ಆಫೀಸ್. ಇಲ್ಲಿ ಒಂದು ನಿಯಮ ತಿಳಿದಿರಬೇಕು. ಪೆನ್ಷನ್ ಇಲ್ಲದೆ ಬಿಡುಗಡೆಯಾದವರ ಸೇವಾ ಕಾಗದಗಳನ್ನು ಸೇನೆ 25 ವರ್ಷ ಇಟ್ಟುಕೊಂಡು ನಾಶ ಮಾಡುತ್ತೆ. ಯುದ್ಧಕ್ಕೆ ಅಂತ ಸೇರಿ 1946ರಲ್ಲಿ ಮನೆಗೆ ಬಂದ ನಮ್ಮ ತಾತನಂಥವರೆಲ್ಲ ಈ ಲೆಕ್ಕಕ್ಕೇ ಬರುತ್ತಾರೆ. ಪೆನ್ಷನ್ನಿಗೆ 15 ವರ್ಷ ಸೇವೆ ಬೇಕಿತ್ತು, ಇವರದ್ದು ಐದು. ಹಾಗಾಗಿ ಸರ್ವೀಸ್ ಬುಕ್ ಕೊಡಿ ಅಂತ ಕೇಳಿದರೆ ನಾಶವಾಗಿದೆ ಅನ್ನೋ ಒಂದು ಸಾಲು ಬರುತ್ತೆ, ಜನ ಅಲ್ಲಿಗೇ ಕೈಬಿಡುತ್ತಾರೆ. ಆದರೆ ಲಾಂಗ್ ರೋಲ್ ಅಂತ ಒಂದು ರಿಜಿಸ್ಟರ್ ಇದೆ, ಅದನ್ನು ನಾಶ ಮಾಡಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಸಾಲು: ಸಂಖ್ಯೆ, ಹೆಸರು, ಸೇರಿದ ದಿನ, ಬಿಟ್ಟ ದಿನ, ಯಾಕೆ ಬಿಟ್ಟರು. ಅರ್ಜಿಯಲ್ಲಿ ಲಾಂಗ್ ರೋಲ್‌ನಲ್ಲಿರುವ ವಿವರ ಕೊಡಿ ಅಂತ ಆ ಹೆಸರು ಹಿಡಿದೇ ಕೇಳಿ. ಇದೊಂದು ಮಾತು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಮೊದಲು ಸಾದಾ ಪತ್ರ ಬರೆಯಿರಿ, ಮೊಮ್ಮಗ ಅಂತ ಹೇಳಿಕೊಂಡು, ಮರ್ಯಾದೆಯಾಗಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ, ಶುಲ್ಕ 10 ರೂಪಾಯಿ, ಆನ್‌ಲೈನ್‌ನಲ್ಲೇ ಹಾಕಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಬೇರೆಯವರ ಖಾಸಗಿ ಮಾಹಿತಿ ಅಂತ ತಿರಸ್ಕರಿಸದಿರಲಿ ಅಂತ ತಾತನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಮಾಡಿಸಿದ ವಂಶವೃಕ್ಷ ಎರಡನ್ನೂ ಲಗತ್ತಿಸಿದ್ದೆ. ಒಂದೇ ಪುಟದ ಉತ್ತರ ಬಂತು. 1941ರಲ್ಲಿ ಭರ್ತಿ, 1946ರಲ್ಲಿ ಬಿಡುಗಡೆ, ದರ್ಜೆ ಸ್ಯಾಪರ್ (ಈ ಪಡೆಯಲ್ಲಿ ಸಿಪಾಯಿಗೆ ಹಾಗನ್ನುತ್ತಾರೆ), ಕಸುಬು ಬಡಗಿ. ಕಂಪನಿ ಯಾವುದು ಅಂತ ಇರಲಿಲ್ಲ.

ಇಲ್ಲಿಗೆ ನಿಂತೇ ಹೋಗುತ್ತಿತ್ತು. ಆಗ ಆ ಲಗತ್ತಿಸಿ ಕಳೆದುಹೋದ ಡಿಸ್ಚಾರ್ಜ್ ಸರ್ಟಿಫಿಕೇಟಿನ ಮಾತು ನೆನಪಾಯಿತು. ಯಾವ ಅರ್ಜಿಗೆ ಲಗತ್ತಿಸಿರಬಹುದು? ದೊಡ್ಡಪ್ಪನನ್ನು ಕೇಳಿದೆ. "ಇನ್ಯಾವುದಕ್ಕೋ, ದರಖಾಸ್ತಿಗೆ. ಆ ಮಿಲ್ಟ್ರಿ ಜಮೀನಿಗೆ" ಅಂದರು. ಯುದ್ಧದಿಂದ ಬಂದವರಿಗೆ ಸರ್ಕಾರಿ ಜಮೀನು ಕೊಟ್ಟಿದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಊರಲ್ಲಿ ಆ ಹೊಲಕ್ಕೆ ಇವತ್ತಿಗೂ ಮಿಲ್ಟ್ರಿ ಹೊಲ ಅಂತಲೇ ಹೆಸರು. ಸೈನಿಕ ಅಂತ ಹೇಳಿಕೊಂಡು ಜಮೀನು ಕೇಳಿದವನು ಸೈನಿಕ ಅನ್ನೋದಕ್ಕೆ ಪುರಾವೆ ಕೊಟ್ಟೇ ಇರಬೇಕು. ಆ ಪುರಾವೆ ತಾಲ್ಲೂಕು ಕಚೇರಿಯ ಮಂಜೂರಾತಿ ಕಡತದಲ್ಲಿ ಇರಬೇಕು.

ಸೇನೆಯ ದಾಖಲೆ ಹುಡುಕುವವರು ರೆವಿನ್ಯೂ ಇಲಾಖೆ ಕಡೆ ತಲೆ ಹಾಕಿಯೂ ಮಲಗಲ್ಲ, ಆದರೆ ನನ್ನ ಪ್ರಕಾರ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಸೇನೆ 25 ವರ್ಷಕ್ಕೆ ಸುಟ್ಟುಹಾಕಿದ್ದನ್ನು ತಾಲ್ಲೂಕು ಕಚೇರಿ ಗಂಟು ಕಟ್ಟಿ ಇಟ್ಟಿರುತ್ತೆ, ಯಾಕೆಂದರೆ ಜಮೀನಿನ ಕಾಗದ ಅದು. ಮನೆಯಲ್ಲಿ ಸಾಗುವಳಿ ಚೀಟಿ ಇದ್ದರೆ ಅದರಲ್ಲಿ ಮಂಜೂರಾತಿ ಆದೇಶದ ಸಂಖ್ಯೆ, ತಾರೀಖು ಇರುತ್ತೆ. ಇಲ್ಲದಿದ್ದರೆ ಪಹಣಿ, ಹಳೆಯ ಮ್ಯುಟೇಷನ್ ನೋಡಿ ಹಿಂದಕ್ಕೆ ಹೋಗಬೇಕು. ಸರ್ವೆ ನಂಬರ್, ಆದೇಶ ಸಂಖ್ಯೆ ಹಾಕಿ ಪೂರ್ತಿ ಕಡತದ ದೃಢೀಕೃತ ನಕಲು ಕೊಡಿ ಅಂತ ಅರ್ಜಿ ಹಾಕಿ. ಪೂರ್ತಿ ಕಡತ ಅನ್ನೋದು ಮುಖ್ಯ, ಬರೀ ಆದೇಶದ ನಕಲು ಕೇಳಿದರೆ ಲಗತ್ತುಗಳನ್ನು ಕೊಡಲ್ಲ.

ಕಡತ ಲಭ್ಯವಿಲ್ಲ ಅಂತ ಹಿಂಬರಹ ಕೊಟ್ಟರು. ಅದು ನಿರೀಕ್ಷೆ ಇದ್ದದ್ದೇ. ಲಭ್ಯವಿಲ್ಲ ಅಂದರೆ ಹುಡುಕಿಲ್ಲ ಅಂತ ಅರ್ಥ, ಎಲ್ಲರಿಗೂ ಗೊತ್ತಿರೋದೇ. ರೆಕಾರ್ಡ್ ರೂಮಿನ ಹಳೇ ನೌಕರರೊಬ್ಬರು, ಅವರ ಹೆಸರು ಹೇಳಲ್ಲ, ಪುಣ್ಯಾತ್ಮರು, ನಾನು ಯಾಕೆ ಹುಡುಕುತ್ತಿದ್ದೇನೆ ಅಂತ ಕೇಳಿದರು. ಜಮೀನು ಜಗಳ ಅಲ್ಲ, ತಾತ ಯುದ್ಧಕ್ಕೆ ಹೋಗಿದ್ದರು, ಅದನ್ನು ತಿಳಿಯೋಕೆ ಅಂದೆ. "ನಮ್ಮಜ್ಜನೂ ಬಸ್ರಾಕ್ಕೆ ಹೋಗಿದ್ರಂತೆ ಸಾರ್" ಅಂದವರೇ ಏಣಿ ಹಾಕಿಕೊಂಡು ಹತ್ತಿದರು. ಮುಂದಿನ ವಾರ ಫೋನ್ ಬಂತು. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮಗೆ ಏಣಿ ಬೇಕಾಗದೆಯೂ ಇರಬಹುದು.

ಕಡತದಲ್ಲಿ ತಾತನ ಹೆಬ್ಬೆಟ್ಟು ಇರಲಿಲ್ಲ, ಕನ್ನಡದಲ್ಲಿ ಸಹಿ ಇತ್ತು. ಓದು ಬರಹ ಸೇನೆಯಲ್ಲಿ ಕಲಿತದ್ದೋ ಮೊದಲೇ ಬರುತ್ತಿತ್ತೋ, ಮನೆಯಲ್ಲಿ ಇನ್ನೂ ವಾದ ನಡೀತಿದೆ. ಡಿಸ್ಚಾರ್ಜ್ ಸರ್ಟಿಫಿಕೇಟ್ ಅಲ್ಲೇ ಇತ್ತು, ಮೂಲ ಪ್ರತಿಯೇ, ಟ್ಯಾಗಿನ ದಾರದಲ್ಲಿ ಪೋಣಿಸಿಕೊಂಡು. ಎತ್ತರ, ಎಡ ಹುಬ್ಬಿನ ಮೇಲೆ ಗಾಯದ ಗುರುತು, ಅಪ್ಪನ ಹೆಸರು, ಊರು, ತಾಲ್ಲೂಕು, ನಡತೆ. ಅದರ ಹಿಂದೆ ಇನ್ನೊಂದು ಹಾಳೆ, ಅದನ್ನು ನಾನು ಕೇಳಿಯೂ ಇರಲಿಲ್ಲ. ಒಬ್ಬ ಬ್ರಿಟಿಷ್ ಮೇಜರ್ ಟೈಪ್ ಮಾಡಿಸಿ ಸಹಿ ಹಾಕಿದ ಶಿಫಾರಸು ಚೀಟಿ, ಇವನು ನನ್ನ ವರ್ಕ್‌ಶಾಪಿನಲ್ಲಿ ಬಡಗಿಯಾಗಿದ್ದ, ಕೆಲಸದಲ್ಲಿ ಚುರುಕು, ಯಾರಾದರೂ ಕೆಲಸ ಕೊಡಬಹುದು ಅನ್ನೋ ಧಾಟಿಯಲ್ಲಿ. ಆಗಿನ ಸಾಹೇಬರು ಊರಿಗೆ ಹೊರಟವರಿಗೆಲ್ಲ ಇಂಥ ಚೀಟಿ ಬರೆದುಕೊಡುತ್ತಿದ್ದರು. ಬರೆದದ್ದು ಗ್ರೀಸಿನಲ್ಲಿ. ತಲೆಬರಹದಲ್ಲಿ ಕಂಪನಿಯ ಹೆಸರು: 11 ಫೀಲ್ಡ್ ಪಾರ್ಕ್ ಕಂಪನಿ.

ಫೀಲ್ಡ್ ಪಾರ್ಕ್ ಕಂಪನಿ ಅಂದರೆ ಡಿವಿಷನ್ನಿನ ಎಂಜಿನಿಯರುಗಳ ಉಗ್ರಾಣ ಮತ್ತು ವರ್ಕ್‌ಶಾಪ್. ಮುಂದಿನ ಸಾಲಿನಲ್ಲಿರುವ ಫೀಲ್ಡ್ ಕಂಪನಿಗಳಿಗೆ ಬೇಕಾದ ಸೇತುವೆ ಸಾಮಾನು, ಮರ, ಉಪಕರಣ ಎಲ್ಲ ಇವರ ಹತ್ತಿರ. ಮೂರು ಫೀಲ್ಡ್ ಕಂಪನಿಗೆ ಒಂದು ಪಾರ್ಕ್ ಕಂಪನಿ. ಬಡಗಿ ಅಲ್ಲಿ ಯಾಕಿದ್ದರು ಅನ್ನೋದು ಅರ್ಥವಾಯಿತು. ದೊಡ್ಡಪ್ಪನಿಗೆ ಸ್ವಲ್ಪ ಬೇಜಾರು, ತಾತ ಗನ್ ಹಿಡಿದು ಜರ್ಮನ್ನರನ್ನು ಓಡಿಸಿದರು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದರು.

ಉಗ್ರಾಣ ಅಂದರೆ ಹಿಂದೆ ಹಾಯಾಗಿ ಇದ್ದರು ಅಂತಲ್ಲ. ಈ ಕಂಪನಿಯ ಹೆಸರು ಹಾಕಿ ಹುಡುಕಿದ ಕೂಡಲೇ ಬರುವ ಹೆಸರು ಸುಬೇದಾರ್ ಸುಬ್ರಮಣಿಯನ್. 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೊ ಹತ್ತಿರ ಅವರ ತಂಡ ನೆಲಬಾಂಬು ತೆಗೆಯುತ್ತಿತ್ತು. ಒಬ್ಬ ಸ್ಯಾಪರಿನ ಕಾಲಡಿ ಬಾಂಬು ಚಾಲೂ ಆಯಿತು. ಸಿಡಿಯೋಕೆ ಕೆಲವೇ ಸೆಕೆಂಡು ಇರುತ್ತೆ. ಸುಬ್ರಮಣಿಯನ್ ಅದರ ಮೇಲೆ ತಾವೇ ಬಿದ್ದರು. ಜೊತೆಯವರು ಉಳಿದರು, ಅವರು ಉಳಿಯಲಿಲ್ಲ. ಅವರಿಗೆ ಬ್ರಿಟಿಷರ ದೊಡ್ಡ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು. ತಾತನದ್ದೇ ಕಂಪನಿ, ತಾತ ಅಲ್ಲಿದ್ದ ಕಾಲವೇ. ಒಂದು ಕಂಪನಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುತ್ತಾರೆ, ಅದರಲ್ಲೂ ಸುಬೇದಾರರು. ಆದರೂ ತಾತ ಆ ದಿನ ಆ ತಂಡದಲ್ಲಿ ಇದ್ದರು ಅಂತ ಹೇಳೋಕೆ ನನ್ನ ಹತ್ತಿರ ಏನೂ ಆಧಾರ ಇಲ್ಲ, ಹೇಳೋದೂ ಇಲ್ಲ. ನೆಂಟರಲ್ಲಿ ಒಬ್ಬರು ಅದನ್ನು ಆಗಲೇ ಸೇರಿಸಿ ಹೇಳೋಕೆ ಶುರು ಮಾಡಿದ್ದಾರೆ, ನಾನು ಪ್ರತಿ ಮದುವೆಯಲ್ಲೂ ತಿದ್ದುತ್ತಿದ್ದೇನೆ.

ಇನ್ನು ಮಠ. ಮಿನ್ಯಾನೊದಿಂದ ರೋಮ್ ಕಡೆ ಹೋಗುವ ಅದೇ ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಕಸ್ಸಿನೊ ಪಟ್ಟಣ, ಅದರ ಮೇಲೆ ಬೆಟ್ಟ, ಬೆಟ್ಟದ ತುದಿಯಲ್ಲಿ ಕ್ರೈಸ್ತ ಸನ್ಯಾಸಿಗಳ ಮಾಂಟೆ ಕಸ್ಸಿನೊ ಮಠ. 1944ರ ಫೆಬ್ರವರಿ 15ರಂದು 200ಕ್ಕೂ ಹೆಚ್ಚು ಬಾಂಬರ್ ವಿಮಾನಗಳು ಅದನ್ನು ಪುಡಿ ಮಾಡಿದವು. ಆ ಬೆಟ್ಟ ಹಿಡಿಯುವ ಕೆಲಸ ವಹಿಸಿದ್ದು ನಾಲ್ಕನೇ ಭಾರತೀಯ ಡಿವಿಷನ್ನಿಗೆ. ಕಣಿವೆಯಲ್ಲಿದ್ದ ಸೈನಿಕರೆಲ್ಲ ತಲೆಯೆತ್ತಿ ನೋಡಿದರು. ತಾತ ಸುಳ್ಳು ಹೇಳಿರಲಿಲ್ಲ. ಅವರಿಗೆ ಅದು ಮಠವೇ, ಸನ್ಯಾಸಿಗಳು ಇರುವ ಜಾಗಕ್ಕೆ ಬೇರೆ ಏನು ಅನ್ನಬೇಕಿತ್ತು?

ಇಲ್ಲಿ ಒಂದು ವಿಷಯ ಹೇಳಲೇಬೇಕು. ಡಿವಿಷನ್ನಿನ ಜನರಲ್ ಫ್ರಾನ್ಸಿಸ್ ಟಕರ್‌ಗೆ ಆ ಮಠದ ಗೋಡೆ ಎಷ್ಟು ದಪ್ಪ ಅಂತ ಯಾವ ಗುಪ್ತಚರರೂ ಹೇಳಲಿಲ್ಲವಂತೆ. ಕೊನೆಗೆ ನೇಪಲ್ಸಿನ ಪುಸ್ತಕದಂಗಡಿಯಲ್ಲಿ 1879ರ ಒಂದು ಹಳೇ ಪುಸ್ತಕ ಸಿಕ್ಕಿ ಗೋಡೆ ಕನಿಷ್ಠ 10 ಅಡಿ ದಪ್ಪ ಅಂತ ತಿಳಿಯಿತು. ಜನರಲ್ಲೇ ಹಳೇ ಪುಸ್ತಕದಂಗಡಿಗೆ ಜನ ಕಳಿಸಿದ ಮೇಲೆ ನಾವು ಬೆಂಗಳೂರಿನ ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಗೆ ಹೋಗೋಕೆ ಯಾಕೆ ನಾಚಿಕೆ? ಯುದ್ಧ ಮುಗಿದ ಮೇಲೆ ಭಾರತ ಪಾಕಿಸ್ತಾನ ಎರಡೂ ಸೇರಿ ಬರೆಸಿದ ಅಧಿಕೃತ ಯುದ್ಧ ಇತಿಹಾಸದ ಇಟಲಿ ಸಂಪುಟ ಓದಿದ್ದರಿಂದ ನನಗೆ ಒಂದೊಂದು ತಿಂಗಳು ಡಿವಿಷನ್ ಎಲ್ಲಿತ್ತು ಅನ್ನೋ ಚೌಕಟ್ಟು ಸಿಕ್ಕಿತು.

ಕಂಪನಿ ಗೊತ್ತಾದ ಮೇಲೆ ಲಂಡನ್ ಉಪಯೋಗಕ್ಕೆ ಬಂತು. ಕ್ಯೂ ಅನ್ನೋ ಜಾಗದಲ್ಲಿರುವ ಅವರ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಯುದ್ಧದ ದಿನಚರಿಗಳಿವೆ. ಮನೆಯಲ್ಲೇ ಕೂತು ಅವರ ಕ್ಯಾಟಲಾಗ್ ಹುಡುಕಬಹುದು. ಡಬ್ಲ್ಯುಒ (ವಾರ್ ಆಫೀಸ್) 169 ಸರಣಿ ಮಧ್ಯಪ್ರಾಚ್ಯ, 170 ಇಟಲಿ ಕಡೆ, 172 ಬರ್ಮಾ ಕಡೆ. ಭಾರತೀಯ ಕಂಪನಿಗಳದ್ದು ಯಾವುದರಲ್ಲಿ ಇದೆಯೋ ಹೇಳೋಕಾಗಲ್ಲ, ಎಲ್ಲದರಲ್ಲೂ ಹುಡುಕಿ. ನಕಲು ತರಿಸಿದರೆ ಕೈ ಸುಡುತ್ತೆ. ಅಲ್ಲಿಗೇ ಹೋದವರು ರೀಡರ್ ಟಿಕೆಟ್ ಮಾಡಿಸಿಕೊಂಡು ತಮ್ಮದೇ ಮೊಬೈಲಿನಲ್ಲಿ ಪುಕ್ಕಟೆ ಫೋಟೊ ತೆಗೆದುಕೊಳ್ಳಬಹುದು. ಲಂಡನ್ನಿನಲ್ಲಿ ಕನ್ನಡದವರಿಗೇನು ಬರವಿಲ್ಲ. ಗೆಳೆಯನ ತಂಗಿ ಒಂದು ಶನಿವಾರ ಹೋಗಿ ನಾನು ಕೊಟ್ಟ ನಂಬರಿನ ಕಡತಗಳನ್ನೆಲ್ಲ ಹಾಳೆ ಬಿಡದೆ ತೆಗೆದು ಕಳಿಸಿದಳು. ಕಡತದ ಪೂರ್ತಿ ನಂಬರ್ ಮುಂಚೆಯೇ ಬರೆದುಕೊಡಿ, ಪಾಪ ಅವರು ಅಲ್ಲಿ ಕೂತು ಹುಡುಕುವಂತೆ ಮಾಡಬೇಡಿ.

ದಿನಚರಿ ಹೇಗಿರುತ್ತೆ ಗೊತ್ತಾ? ಅಚ್ಚು ಹಾಕಿದ ಫಾರಂ, ಜಾಗ, ತಾರೀಖು, ಗಂಟೆ, ನಡೆದ ಸಂಗತಿ ಅಂತ ಕಲಂಗಳು. ಕೆಲವು ಟೈಪ್ ಮಾಡಿದ್ದು, ಕೆಲವು ಪೆನ್ಸಿಲಿನಲ್ಲಿ ಗೀಚಿದ್ದು. ಅಧಿಕಾರಿ ರಜೆಗೆ ಹೋದರೆ ಅವರ ಹೆಸರು ಬರುತ್ತೆ. ಸಿಪಾಯಿಗೆ ಗಾಯವಾದರೆ ಒಂದು ಐಒಆರ್ ಅಂತ ಬರುತ್ತೆ, ಅದರ್ ರ್‍ಯಾಂಕ್ಸ್ ಪೈಕಿ ಇಂಡಿಯನ್ ಒಬ್ಬ ಅಂತ ಅದರ ಅರ್ಥ. ಬ್ರಿಟಿಷ್ ಸಿಪಾಯಿಯಾದರೆ ಬಿಒಆರ್. ತಾತನ ಹೆಸರು ಎಲ್ಲೂ ಇಲ್ಲ, ಇರುತ್ತೆ ಅಂತ ನಾನು ಅಂದುಕೊಂಡೂ ಇರಲಿಲ್ಲ. ಆದರೆ ಮರದ ಲೆಕ್ಕ ಇದೆ. ಮಳೆ, ಕೆಸರು, ಮುರಿದ ಲಾರಿ, ಎಷ್ಟು ಮರ ಬಂತು, ಯಾವ ಕಂಪನಿಗೆ ಹೋಯಿತು. ಓದುತ್ತಾ ಹೋದರೆ ಬೇಜಾರಾಗುತ್ತೆ, ಆದರೂ ನಾನು ಒಂದು ಪುಟ ಬಿಟ್ಟಿಲ್ಲ. ಆ ಮರ ಕೊಯ್ದವರಲ್ಲಿ ಒಬ್ಬರು ನಮ್ಮ ಮನೆಯ ಬಾಗಿಲು ಮಾಡಿದವರು.

ದಿನಚರಿ ಓದುವಾಗ ಪಕ್ಕದಲ್ಲಿ ನಕ್ಷೆ ಇಟ್ಟುಕೊಳ್ಳಿ. ಕಸ್ಸಿನೊ ಬೆಟ್ಟದ ಹಿಂಬದಿಗೆ ಒಂದು ಕಾಲುದಾರಿ ಇತ್ತು, ಅದನ್ನು ಮಾರ್ಚ್ ಮೊದಲ ದಿನಗಳಲ್ಲಿ ನಾಲ್ಕನೇ ಡಿವಿಷನ್ನಿನ ಸ್ಯಾಪರುಗಳು ಮತ್ತು ನ್ಯೂಜಿಲೆಂಡಿನವರು ಅಗಲ ಮಾಡಿ ಟ್ಯಾಂಕು ಹೋಗುವಂತೆ ಮಾಡಿದರು. ಹೆಸರು ಕ್ಯಾವೆಂಡಿಶ್ ರೋಡ್. ಅದನ್ನು ಹತ್ತಿ ಹೋದರೆ ಮೇಲೆ ಮದ್ರಾಸ್ ಸರ್ಕಸ್ ಅನ್ನೋ ಜಾಗ ನಕ್ಷೆಯಲ್ಲಿ ಇದೆ. ಮಾರ್ಚ್ 19ರಂದು ಟ್ಯಾಂಕುಗಳು ಅಲ್ಲಿಂದಲೇ ಮುಂದೆ ನುಗ್ಗಿದವು, ಜೊತೆಗೆ ಕಾಲಾಳುಗಳಿಲ್ಲದೆ ಕೆಟ್ಟವು. ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಜಾಲತಾಣದಲ್ಲಿ ಆ ಡಿವಿಷನ್ನಿನ ಫೋಟೊಗಳಿವೆ, ಪುಕ್ಕಟೆ ನೋಡಬಹುದು. ಮುಖ ಹುಡುಕಬೇಡಿ, ಹುಚ್ಚು ಹಿಡಿಯುತ್ತೆ. ನನಗೆ ಒಂದೆರಡು ರಾತ್ರಿ ಹಿಡಿದಿತ್ತು.

ತಾತ ತಿರುಗಿ ಬಂದವರಾದರೂ ನಾನು ಸತ್ತವರ ಪಟ್ಟಿಯನ್ನೂ ನೋಡಿದೆ, ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಎರಡೂ ಮಹಾಯುದ್ಧಗಳಲ್ಲಿ ತೀರಿಕೊಂಡವರ ಹೆಸರು, ಸೇವಾ ಸಂಖ್ಯೆ, ದಳ, ದಿನ ಇದೆ. ತುಂಬಾ ಜನರಿಗೆ ಇಂಥವರ ಮಗ, ಇಂಥ ಊರು ಅಂತಲೂ ಇದೆ. ಅಲ್ಲಿ ಕಂಪನಿ ಹೆಸರು ಹಾಕಿ ಹುಡುಕಿದರೆ ಜೊತೆಯವರು ಯಾವ ದಿನ, ಯಾವ ದೇಶದಲ್ಲಿ ತೀರಿಕೊಂಡರು ಅಂತ ತಿಳಿಯುತ್ತೆ, ಅದನ್ನು ಸಾಲಾಗಿ ಜೋಡಿಸಿದರೆ ಕಂಪನಿ ಹೋದ ದಾರಿಯೇ ಕಾಣುತ್ತೆ. ಹಿಂದೂಗಳನ್ನು ಸುಟ್ಟ ಕಡೆ ಸಮಾಧಿ ಇರಲ್ಲ, ಕ್ರಿಮೇಷನ್ ಮೆಮೋರಿಯಲ್ ಅಂತ ಕಲ್ಲಿನ ಮೇಲೆ ಹೆಸರು ಇರುತ್ತೆ. ಇಟಲಿಯಲ್ಲಿ ಸಾಂಗ್ರೊ ನದಿ ಹತ್ತಿರ, ಫೊರ್ಲಿಯಲ್ಲಿ ಅಂಥವು ಇವೆ. ನಿಮ್ಮ ಮನೆಯವರು ತಿರುಗಿ ಬರಲೇ ಇಲ್ಲ ಅಂದರೆ ಮೊದಲು ನೋಡಬೇಕಾದ್ದೇ ಇದು. ಕಾಗುಣಿತ ನಾಲ್ಕೈದು ಥರ ಬದಲಿಸಿ ನೋಡಿ. ಹೆಸರಿನ ಕೊನೆಯ ಅಪ್ಪ, ಅಯ್ಯ ಬಿಟ್ಟು ಬರೀ ಮೊದಲ ಅರ್ಧ ಹಾಕಿ ನೋಡಿ.

ಬೇರೆ ಕಡೆ ಹೋದವರ ಮನೆಯವರಿಗೆ ಚಿಕ್ಕದಾಗಿ. ಸಿಂಗಪುರದಲ್ಲಿ ಸೆರೆ ಸಿಕ್ಕು ಆಮೇಲೆ ನೇತಾಜಿಯ ಆಜಾದ್ ಹಿಂದ್ ಫೌಜ್ ಸೇರಿದ್ದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ ನೋಡಿ, ಅದರ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಸುಮಾರು ಕಡತ ಸ್ಕ್ಯಾನ್ ಆಗಿವೆ. ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ಈಗಿನ ಇಸ್ರೇಲಿನ ಹೈಫಾಕ್ಕೆ ಹೋದ ಮೈಸೂರು ಲ್ಯಾನ್ಸರ್ಸ್‌ನಂಥ ಸಂಸ್ಥಾನದ ಪಡೆಗಳದ್ದಾದರೆ ಅದು ಮಹಾರಾಜರ ಸೈನ್ಯ, ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿರುವ ಮೈಸೂರು ಸಂಸ್ಥಾನದ ಕಡತಗಳಿಂದ ಶುರು ಮಾಡಿ. ಅಜ್ಜಿಗೆ ಎರಡನೇ ಮಹಾಯುದ್ಧದ ಸೈನಿಕರ ವಿಧವೆ ಅಂತ ತಿಂಗಳ ಸಹಾಯಧನ ಬರುತ್ತಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅವರ ಕಡತ ಇರುತ್ತೆ, ಅದರಲ್ಲೂ ಡಿಸ್ಚಾರ್ಜ್ ಸರ್ಟಿಫಿಕೇಟಿನ ನಕಲು ಇರಬೇಕು.

ಈಗ ನನಗೆ ಬಾಕಿ ಇರೋದು ಗ್ರೀಸ್. 1944ರ ಕೊನೆಗೆ ಡಿವಿಷನ್ ಅಲ್ಲಿಗೆ ಹೋಯಿತು, ತಾತನ ಚೀಟಿಯೂ ಅಲ್ಲಿಯದೇ. 1945ರ ದಿನಚರಿಯ ಕಡತ ಸಂಖ್ಯೆ ಬರೆದಿಟ್ಟುಕೊಂಡಿದ್ದೇನೆ, ಗೆಳೆಯನ ತಂಗಿಗೆ ಮತ್ತೆ ಒಂದು ಶನಿವಾರ ಬಿಡುವಾಗಬೇಕು. ಆ ಹರಿದ ಗುಂಪು ಫೋಟೊದ ಹಿಂದೆ ಒಂದು ಸ್ಟುಡಿಯೋದ ಮುದ್ರೆ ಇದೆ, ಲಿಪಿ ಗ್ರೀಕ್ ಅಂತ ಕಾಣುತ್ತೆ. ಅದನ್ನು ಓದಬಲ್ಲವರು ಯಾರಾದರೂ ಇದ್ದರೆ ತಿಳಿಸಿ.